ಎಲ್‌ಡಿ (ಕಲಿಕೆಯ ತೊಂದರೆ) ಇರುವ ಮಗನಿಗೆ ಟ್ಯೂಷನ್ ಟೀಚರ್ ಬೇಕು, ಡೊಂಬಿವಲಿ ಕಡೆ ಯಾರಾದರೂ ಗೊತ್ತಾ?

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾವು ಕುಂದಾಪುರ ಕಡೆಯವರು, ಡೊಂಬಿವಲಿ ಪೂರ್ವದಲ್ಲಿ 14 ವರ್ಷದಿಂದ ಇದ್ದೇವೆ. ಇವರು ವಾಶಿಯಲ್ಲಿ ಹೋಟೆಲ್ ನೋಡಿಕೊಳ್ಳುತ್ತಾರೆ, ನನ್ನ ಕೆಲಸ ಠಾಣೆಯಲ್ಲಿ. ಮಗನಿಗೆ ಒಂಬತ್ತೂವರೆ ವರ್ಷ, ನಾಲ್ಕನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ, ಸ್ಟೇಟ್ ಬೋರ್ಡ್. ಹೋದ ತಿಂಗಳು ಟೆಸ್ಟಿಂಗ್ ಮುಗಿದು ರಿಪೋರ್ಟ್ ಕೈಗೆ ಬಂತು. ಡಿಸ್ಲೆಕ್ಸಿಯಾ, ಅಂದರೆ ಓದುವ ತೊಂದರೆ, ಜೊತೆಗೆ ಡಿಸ್‌ಗ್ರಾಫಿಯಾ, ಅಂದರೆ ಬರೆಯುವ ತೊಂದರೆ. ಬುದ್ಧಿಮಟ್ಟಕ್ಕೆ ಏನೂ ತೊಂದರೆ ಇಲ್ಲ ಎಂದು ಅದರಲ್ಲೇ ಬರೆದಿದ್ದಾರೆ. ಆ ಸಾಲನ್ನು ನಾನು ಲೋಕಲ್ ಟ್ರೇನ್‌ನಲ್ಲಿ ನಿಂತುಕೊಂಡೇ ನಾಲ್ಕು ಸಲ ಓದಿದೆ.

ಎರಡು ವರ್ಷ ನಮಗೆ ಗೊತ್ತಾಗಲೇ ಇಲ್ಲ. ಪಾಠ ಕೇಳಿದರೆ ಗಡಗಡ ಒಪ್ಪಿಸುತ್ತಿದ್ದ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಬಾಯಿ ಸರಿಯಾಗಿ ಹೇಳುತ್ತಿದೆ, ಬೆರಳು ಮಾತ್ರ ಎರಡು ಸಾಲು ಕೆಳಗಿದೆ. ಕ್ಲಾಸಿನಲ್ಲಿ ಬೇರೆ ಮಕ್ಕಳು ಓದಿದ್ದನ್ನು ಕಿವಿಯಲ್ಲಿ ಹಿಡಿದು ಬಂದು ನನಗೆ ಹೇಳುತ್ತಿದ್ದ, ಪಾಪ.

ಟ್ಯೂಷನ್ ಎರಡು ಕಡೆ ಆಯಿತು. ಮೊದಲನೆಯದು ನಮ್ಮ ಬಿಲ್ಡಿಂಗ್‌ನಲ್ಲೇ, ಒಂದು ಹಾಲ್‌ನಲ್ಲಿ ಹನ್ನೆರಡು ಮಕ್ಕಳು. ಹೋಮ್‌ವರ್ಕ್ ಮುಗಿಸಿ ಕಳಿಸುತ್ತಿದ್ದರು, ಅಷ್ಟೇ. ಎರಡನೆಯವರು ಮನೆಗೇ ಬರುತ್ತಿದ್ದರು. ಒಂದು ಸ್ಪೆಲ್ಲಿಂಗ್ ತಪ್ಪಿದರೆ ಐವತ್ತು ಸಲ ಬರಿ ಎನ್ನುವವರು. ಇವನು ಏನು ಮಾಡಿದ್ದಾನೆ ಗೊತ್ತಾ? 'ಬಿಕಾಸ್' ಬರೆಯಲು ಹೇಳಿದ್ದಕ್ಕೆ ಮೊದಲ ಅಕ್ಷರವನ್ನು ಮೇಲಿಂದ ಕೆಳಗೆ ಐವತ್ತು ಸಲ ಬರೆದು, ಆಮೇಲೆ ಅದರ ಪಕ್ಕ ಎರಡನೇ ಅಕ್ಷರವನ್ನು ಐವತ್ತು ಸಲ, ಹಾಗೆ ಕಂಬ ಕಂಬವಾಗಿ ಇಳಿಸಿ ಪುಟ ತುಂಬಿಸಿದ್ದಾನೆ. ಆ ಪದವನ್ನು ಒಂದು ಸಲವೂ ಬರೆದ ಹಾಗಾಗಲಿಲ್ಲ. ಅವರು ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿ ಕೊಟ್ಟರು.

ಬಿಡುವ ಮುಂಚೆ ಅವರು ಒಂದು ಮಾತು ಹೇಳಿ ಹೋದರು. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ, ಅದಕ್ಕೇ ತಲೆ ಗೊಂದಲವಾಗಿದೆ, ಮೊದಲು ಮನೆಯಲ್ಲಿ ಕನ್ನಡ ನಿಲ್ಲಿಸಿ ಅಂತ. ಅತ್ತೆಯವರು ಫೋನಿನಲ್ಲಿ ಮೊಮ್ಮಗನ ಜೊತೆ ಕನ್ನಡ ಬಿಟ್ಟರೆ ಬೇರೆ ಯಾವುದರಲ್ಲಿ ಮಾತಾಡಬೇಕು?

ಎಂಥ ಟೀಚರನ್ನು ಹುಡುಕಬೇಕು, ಎಲ್ಲಿ ಕೇಳಬೇಕು, ಕನ್ನಡ ನಿಲ್ಲಿಸಬೇಕಾ? ಗೊತ್ತಿದ್ದವರು ಹೇಳಿ.

ಮುಲುಂಡ್‌ನಿಂದ ಒಬ್ಬ ಅಪ್ಪ

ನಿಮ್ಮ ಬರಹದ ಒಂದೊಂದು ಸಾಲೂ ನಮ್ಮ ಮನೆಯ ಕಥೆ. ನನ್ನ ಮಗಳು ಈ ವರ್ಷ ಹತ್ತನೇ ಕ್ಲಾಸ್ ದಾಟಿದಳು, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ನಾವು ಮಾಡಿದ ತಪ್ಪು ಹೇಳುತ್ತೇನೆ. ಮಾರ್ಕ್ಸ್ ಕಮ್ಮಿ ಬಂದಾಗಲೆಲ್ಲ ಇನ್ನೊಂದು ಕ್ಲಾಸ್ ಹಾಕಿದೆವು. ಆರನೇ ಕ್ಲಾಸಿನಲ್ಲಿ ಮೂರು ಕಡೆ ಹೋಗುತ್ತಿದ್ದಳು. ಸ್ಕೂಲಲ್ಲಿ ಅರ್ಥವಾಗದ್ದನ್ನೇ ಅದೇ ರೀತಿಯಲ್ಲಿ ಇನ್ನೂ ಮೂರು ಜನ ಹೇಳಿಕೊಟ್ಟರು. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಸೋಫಾದಲ್ಲಿ ನಿದ್ದೆ ಹೋಗುತ್ತಿದ್ದಳು.

ನಿಮಗೆ ಬೇಕಾಗಿರುವುದು ಟ್ಯೂಷನ್ ಟೀಚರ್ ಅಲ್ಲ, ರೆಮೆಡಿಯಲ್ ಟೀಚರ್. ಎರಡೂ ಬೇರೆ ಬೇರೆ ಕೆಲಸ. ಟ್ಯೂಷನ್‌ನವರು ಪೋರ್ಷನ್ ಮುಗಿಸುತ್ತಾರೆ. ರೆಮೆಡಿಯಲ್‌ನವರು ಪೋರ್ಷನ್ ಮುಟ್ಟುವುದೇ ಇಲ್ಲ, ಓದುವುದು ಹೇಗೆ ಎಂಬುದನ್ನೇ ಬುಡದಿಂದ ಕಲಿಸುತ್ತಾರೆ. ನಮಗೆ ಸಿಕ್ಕ ಟೀಚರ್ ಆರನೇ ಕ್ಲಾಸಿನ ಹುಡುಗಿಗೆ ಮೂರಕ್ಷರದ ಪದಗಳಿಂದ ಶುರು ಮಾಡಿದರು. ನನಗೆ ಸಿಟ್ಟು ಬಂತು, ಇದಕ್ಕೆ ದುಡ್ಡು ಕೊಡಬೇಕಾ ಅಂತ. ಐದಾರು ತಿಂಗಳಾದ ಮೇಲೆ ಮಗಳು ಹೋಟೆಲಿನ ಮೆನು ಕಾರ್ಡ್ ತಾನೇ ಓದಿ ಆರ್ಡರ್ ಮಾಡಿದಳು. ಅವತ್ತಿನವರೆಗೆ 'ಅಪ್ಪ ತಿನ್ನುವುದೇ ನನಗೂ' ಎನ್ನುತ್ತಿದ್ದಳು. ಕಾರಣ ನನಗೆ ಅವತ್ತು ಗೊತ್ತಾಯಿತು.

ಇನ್ನು ಎಲ್‌ಡಿ ಇದೆ ಎನ್ನುವ ಸರ್ಟಿಫಿಕೇಟ್. ನಿಮ್ಮ ಟೆಸ್ಟಿಂಗ್ ಖಾಸಗಿಯಾಗಿ ಆಗಿದ್ದರೆ ಟೀಚರಿಗೆ ಆ ರಿಪೋರ್ಟ್ ಸಾಕು, ಪಾಠಕ್ಕೆ ಸರ್ಟಿಫಿಕೇಟ್ ಕಾಯಬೇಡಿ. ಬೋರ್ಡ್ ಪರೀಕ್ಷೆಯ ಕನ್ಸೆಷನ್‌ಗೆ (ರಿಯಾಯಿತಿಗೆ) ಮಾತ್ರ ಸರ್ಕಾರ ಒಪ್ಪಿದ ಆಸ್ಪತ್ರೆಯದೇ ಬೇಕು. ಮುಂಬಯಿಯಲ್ಲಿ ಸಾಯನ್ ಆಸ್ಪತ್ರೆ, ನಾಯರ್ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ. ಕೇಸ್ ಪೇಪರ್ ಮಾಡಿಸಿ ಕಣ್ಣು, ಕಿವಿ ನೋಡಿಸಬೇಕು, ಮಕ್ಕಳ ಡಾಕ್ಟರ್, ಆಮೇಲೆ ಐಕ್ಯೂ ಟೆಸ್ಟ್, ಆಮೇಲೆ ಓದು ಬರಹದ ಟೆಸ್ಟ್. ರಜೆ ಉಳಿಸಿಟ್ಟುಕೊಳ್ಳಿ. ಸಾಯನ್‌ನಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದರೆ ನೇರ. ಮಗುವಿಗೆ ಡಬ್ಬಿ ಕಟ್ಟಿಕೊಂಡು ಹೋಗಿ. ಹಸಿದ ಹೊಟ್ಟೆಯಲ್ಲಿ ಟೆಸ್ಟ್‌ಗೆ ಕೂರಿಸಬೇಡಿ.

ಐರೋಲಿ

ಟೀಚರ್ ಸಿಕ್ಕಿದರೆ ಆರ್‌ಸಿಐ ನಂಬರ್ ಕೇಳಿ. ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, 1992ರ ಕಾಯ್ದೆಯಿಂದ ಆದದ್ದು. ಸ್ಪೆಷಲ್ ಎಜುಕೇಷನ್ ಓದಿದವರು ಅಲ್ಲಿ ನೋಂದಾಯಿಸಿಕೊಂಡಿರಬೇಕು. ಒಂದು ವಾರದ ವರ್ಕ್‌ಶಾಪ್ ಮಾಡಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ, ನಾವು ಮೋಸ ಹೋಗಿದ್ದೇವೆ.

ಚಿಂಚವಡದ ಅವ್ವ

ನಮಸ್ಕಾರ್ರಿ ಅಕ್ಕಾರ. ನಾವು ವಿಜಯಪುರದವರು, ಪಿಂಪ್ರಿ-ಚಿಂಚವಡದಾಗ ಇರ್ತೀವಿ. ಐರೋಲಿಯವರು ನಂಬರ್ ಕೇಳ್ರಿ ಅಂದದ್ದು ಖರೇ ಅದ. ಆದ್ರ ನಂಬರ್ ಒಂದನ್ನ ನೋಡಬ್ಯಾಡ್ರಿ. ನಮಗ ಎಲ್ಲಾ ಡಿಗ್ರಿ ಇದ್ದ ಟೀಚರ್ ಬಾಯಾರೊಬ್ಬರು ಸಿಕ್ಕಿದ್ರು, ನನ್ನ ಮಗ ಅವರ ಮುಂದ ಕುಂತ್ರ ಅಂಗೈ ಬೆವರತಿತ್ತು. ಪೆನ್ಸಿಲ್ ಜಾರತಿತ್ತು. ಎರಡು ತಿಂಗಳಿಗೆ ಬಿಡಿಸಿದೆ.

ಈಗ ಕಲಸಾವರು ಮರಾಠಿ ಶಾಲಿ ಬಾಯಾರು, ರಿಟೈರ್ ಆಗ್ಯಾರ. ತಮ್ಮ ಮೊಮ್ಮಗಗೂ ಹಿಂಗ ಇತ್ತು ಅಂತ ಹೇಳಿ ಕೋರ್ಸ್ ಮಾಡಿ ಕಲ್ತಾವರು. ನನ್ನ ಮಗಗ ಮರಾಠಿಯೊಳಗ ಭ ಮತ್ತ ಮ ಒಂದ ಕಾಣತಿದ್ವು, ಘ ಮತ್ತ ಧ ಒಂದ ಕಾಣತಿದ್ವು. ಇನ್ನೊಂದು, ಅವರ ಪಹಿಲಿ ವೇಲಾಂಟಿ ಐತಲ್ರಿ, ಅದು ಅಕ್ಷರದ ಎಡಕ್ಕ ಬರತೈತಿ. ಬಾಯಾಗ ಆಮ್ಯಾಲ ಬರೋ ಇಕಾರಾನ ಕೈಯಾಗ ಮೊದಲ ಬರೀಬೇಕು. ನಮ್ಮ ಕನ್ನಡದಾಗ ಗುಡಿಸು ತಲಿ ಮ್ಯಾಲ ಕುಂದ್ರತದ, ಅಷ್ಟು ತ್ರಾಸ ಇಲ್ಲ. ಬಾಯಾರು ಉಸುಕಿನ ಕಾಗದದ ಮ್ಯಾಲ ಅಕ್ಷರ ಕತ್ತರಿಸಿ, ಕಣ್ಣು ಮುಚ್ಚಿ ಬೆರಳಾಡಿಸಿ ಗುರುತು ಹಿಡಿ ಅಂತಿದ್ರು. ಭ ಅಂತ ಕೂಗಿ ಹೇಳಬೇಕು, ಮುಟ್ಟಬೇಕು, ಬರೀಬೇಕು, ಮೂರೂ ಒಮ್ಮೆಲೆ. ಎರಡು ತಿಂಗಳಿಗೆ ಭ, ಮ ಬ್ಯಾರೆ ಆದ್ವು.

ಒಂದು ಮಾತು ಕನ್ಸೆಷನ್ ಬಗ್ಗೆ. ನಮ್ಮ ಮಹಾರಾಷ್ಟ್ರ ಬೋರ್ಡಿನಾಗ ಹೆಚ್ಚಿಗಿ ಟೈಮ್ ಕೊಡ್ತಾರ, ಸ್ಪೆಲ್ಲಿಂಗ್ ತಪ್ಪಿಗೆ ಮಾರ್ಕ್ಸ್ ಕಡೀಯೂದಿಲ್ಲ, ಬೇಕಾದ್ರ ಹೇಳಿದ್ದನ್ನ ಬರಕೊಡಾಕ ರೈಟರ್ ಕೊಡ್ತಾರ, ಒಂದು ಭಾಷಾ ಬಿಟ್ಟು ವರ್ಕ್ ಎಕ್ಸ್‌ಪೀರಿಯನ್ಸ್ ಅನ್ನೋ ಕೈಕೆಲಸದ ವಿಷಯ ತಗೋಬಹುದು. ಬೀಜಗಣಿತ, ರೇಖಾಗಣಿತ ಬಿಟ್ಟು ಏಳನೇತ್ತಾ ಮಟ್ಟದ ಗಣಿತ ತಗೊಳ್ಳಾಕೂ ಬರತದ. ಆದ್ರ ಗಣಿತದ್ದು ಅವಸರ ಮಾಡಬ್ಯಾಡ್ರಿ, ಮುಂದ ಗಣಿತ ಬೇಕಾಗೋ ಕೋರ್ಸಿನ ಬಾಗಲಾ ಮುಚ್ಚಿಹೋಗತಾವ. ನಿಮ್ಮ ಮಗನ ರಿಪೋರ್ಟಿನಾಗ ಓದು, ಬರಹದ ತ್ರಾಸ ಅಷ್ಟ ಹೇಳ್ಯಾರಲ್ಲ, ಗಣಿತ ಮುಟ್ಟಬ್ಯಾಡ್ರಿ.

ಡೊಂಬಿವಲಿ ಅಮ್ಮ

ಅಕ್ಕಾ, ಅಂಗೈ ಬೆವರುವುದು ಎಂದಿರಲ್ಲ, ನನ್ನ ಮಗನಿಗೆ ಹೊಟ್ಟೆನೋವು. ಟ್ಯೂಷನ್ ದಿನ ಮಾತ್ರ, ಸರಿಯಾಗಿ ನಾಲ್ಕೂವರೆಗೆ. ನಾನು ನಾಟಕ ಎಂದು ಬೈದಿದ್ದೇನೆ. ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ.

ಸ್ಕೂಲಿನವರು 'ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ, ಬೇರೆ ಕಡೆ ನೋಡಿ' ಎನ್ನುವ ಧಾಟಿಯಲ್ಲಿ ಮಾತಾಡುತ್ತಿದ್ದಾರೆ. ಅದಕ್ಕೇನು ಮಾಡಬೇಕು?

ಮುಲುಂಡ್‌ನಿಂದ ಒಬ್ಬ ಅಪ್ಪ

ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಕೊಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಅದರ 16ನೇ ಸೆಕ್ಷನ್ ಓದಿ: ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡಬೇಕು ಎಂದು ಅಲ್ಲೇ ಇದೆ, ಸರ್ಕಾರದ ಮಾನ್ಯತೆ ಇರುವ ಶಾಲೆಗಳಿಗೂ ಅದು ಅನ್ವಯ. ಜಗಳಕ್ಕೆ ಹೋಗಬೇಡಿ. ರಿಪೋರ್ಟಿನ ಕಾಪಿ ಇಟ್ಟು ಒಂದು ಅರ್ಜಿ ಕೊಟ್ಟು, ನಿಮ್ಮ ಕಾಪಿಯ ಮೇಲೆ ಸ್ಕೂಲಿನ ಸೀಲ್ ಹಾಕಿಸಿಕೊಳ್ಳಿ. ಅದೊಂದು ಸೀಲ್ ಬಿದ್ದ ಮೇಲೆ ನಮ್ಮ ಸ್ಕೂಲಿನ ಮಾತಿನ ಧಾಟಿಯೇ ಬದಲಾಯಿತು.

ಮಾಟುಂಗ, ವಿಶೇಷ ಶಿಕ್ಷಕಿ

ನಾನು ಹದಿನೇಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಡೊಂಬಿವಲಿಗೆ ಬರಲಾಗುವುದಿಲ್ಲ, ಆದರೆ ಹುಡುಕುವಾಗ ಏನು ನೋಡಬೇಕು ಎಂದು ಹೇಳಬಲ್ಲೆ.

ಮೊದಲು ಕನ್ನಡದ ಮಾತು, ಏಕೆಂದರೆ ಇದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿದ್ದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ನಿಲ್ಲಿಸಿದರೆ ಹೋಗುವುದೂ ಇಲ್ಲ. ಅದು ಹುಟ್ಟಿನಿಂದ ಮೆದುಳು ಶಬ್ದವನ್ನೂ ಅಕ್ಷರವನ್ನೂ ಜೋಡಿಸುವ ರೀತಿಗೆ ಸೇರಿದ್ದು, ಒಂದೇ ಭಾಷೆ ಗೊತ್ತಿರುವ ಮಕ್ಕಳಲ್ಲೂ ಇರುತ್ತದೆ. ಓದಲು ಕಷ್ಟವಿರುವ ಮಗುವಿಗೆ ಲೋಕದ ತಿಳಿವಳಿಕೆಯೆಲ್ಲ ಬರುವುದು ಕಿವಿಯಿಂದ. ಅಜ್ಜಿ ಹೇಳುವ ಕಥೆ, ಅಪ್ಪ ಹೇಳುವ ಹೋಟೆಲಿನ ಸುದ್ದಿ, ಅದೇ ಅವನ ಪುಸ್ತಕ. ಅದನ್ನೂ ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಅತ್ತೆಯವರು ಇನ್ನೂ ಹೆಚ್ಚು ಮಾತಾಡಲಿ.

ಯಾವ ಭಾಷೆಯಲ್ಲಿ ತೊಂದರೆ ಎಷ್ಟಿದೆ ಎಂದು ನೋಡಬೇಕಾದರೆ ಅದಕ್ಕೂ ದಾರಿಯಿದೆ. ನ್ಯಾಷನಲ್ ಬ್ರೈನ್ ರಿಸರ್ಚ್ ಸೆಂಟರ್‌ನವರು 'ಡಾಲಿ' ಎಂಬ ಪರೀಕ್ಷೆಯನ್ನು ನಮ್ಮ ಭಾಷೆಗಳಿಗಾಗಿಯೇ ಮಾಡಿದ್ದಾರೆ, ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಕನ್ನಡದಲ್ಲಿ ಅಕ್ಷರಕ್ಕೂ ಉಚ್ಚಾರಕ್ಕೂ ನೇರ ಸಂಬಂಧವಿರುವುದರಿಂದ ಇಂಥ ಮಗು ಕನ್ನಡವನ್ನು ತಪ್ಪಿಲ್ಲದೆ, ಆದರೆ ಬಹಳ ನಿಧಾನವಾಗಿ ಓದಬಹುದು. ಒತ್ತಕ್ಷರ ಬಂದ ಕಡೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ನಿಧಾನವೂ ತಪ್ಪೂ ಎರಡೂ ಇರುತ್ತವೆ.

ಟೀಚರನ್ನು ಮೊದಲ ಸಲ ಭೇಟಿಯಾದಾಗ ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ರಿಪೋರ್ಟ್ ತೋರಿಸಿ ಎನ್ನಬೇಕು. ತಾವೇ ಒಂದು ದಿನ ಕೂತು ಮಗು ಎಲ್ಲಿ ಎಡವುತ್ತದೆ ಎಂದು ನೋಡಬೇಕು. ಯಾವ ಸ್ಕೂಲ್, ಯಾವ ಬುಕ್ ಎಂದಷ್ಟೇ ಕೇಳಿ ಮರುದಿನ ಶುರು ಮಾಡುವವರು ನಿಮಗೆ ಬೇಡ. ಮೂರು ತಿಂಗಳಲ್ಲಿ ಸರಿಮಾಡಿ ಕೊಡುತ್ತೇನೆ ಎಂದವರೂ ಬೇಡ, ಇದು ವರ್ಷಗಟ್ಟಲೆ ಹಿಡಿಯುವ ಕೆಲಸ. ಮುಂದಿನ ಮೂರು ತಿಂಗಳಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿ. 'ಇಂಗ್ಲಿಷ್ ಇಂಪ್ರೂವ್ ಮಾಡುತ್ತೇನೆ' ಎನ್ನುವುದು ಉತ್ತರವಲ್ಲ. 'ಮೊದಲು ಹ್ರಸ್ವ ಸ್ವರಗಳ ಶಬ್ದ, ಆಮೇಲೆ ಎರಡು ವ್ಯಂಜನ ಕೂಡುವ ಪದ' ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಬೇಕು. ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿ ಗೊತ್ತಾ ಎಂದು ಕೇಳಿ. ಸ್ಯಾಮ್ಯುಯೆಲ್ ಆರ್ಟನ್ ಎಂಬ ನರರೋಗ ತಜ್ಞ, ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ್ದು. ಚಿಂಚವಡದ ಅಕ್ಕ ಹೇಳಿದ ಮುಟ್ಟು, ಹೇಳು, ಬರಿ ಎಂಬುದು ಅದರದ್ದೇ ತಿರುಳು. ಉಸುಕಿನ ಕಾಗದ ಇಲ್ಲದಿದ್ದರೆ ತಟ್ಟೆಯಲ್ಲಿ ರವೆ ಹರಡಿದರೂ ಆಗುತ್ತದೆ.

ವಾರಕ್ಕೆ ಎರಡೋ ಮೂರೋ ದಿನ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಮಗು ಒಂದೇ ಇರಬೇಕು. ಆ ಗಂಟೆಯಲ್ಲಿ ಸ್ಕೂಲ್ ಹೋಮ್‌ವರ್ಕ್ ಮಾಡಿಸಿ ಎಂದು ನೀವೂ ಕೇಳಬಾರದು. ಇಲ್ಲಿಯೇ ಅಪ್ಪ ಅಮ್ಮಂದಿರು ಸೋಲುವುದು. ಯೂನಿಟ್ ಟೆಸ್ಟ್ ಹತ್ತಿರ ಬಂದ ಕೂಡಲೇ 'ಈ ವಾರ ಇದೊಂದು ಚಾಪ್ಟರ್ ನೋಡಿಕೊಡಿ' ಎನ್ನುತ್ತಾರೆ. ಹೋಮ್‌ವರ್ಕ್‌ಗೆ ಪಾಠವನ್ನು ನೀವು ಓದಿ ಹೇಳಿ, ಉತ್ತರ ಅವನು ಬಾಯಲ್ಲಿ ಹೇಳಲಿ.

ಹುಡುಕಲು ಎರಡು ಕಡೆ ಕೇಳಿ. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ 1996ರಿಂದ ಮುಂಬಯಿಯಲ್ಲಿ ಇದೇ ಕೆಲಸ ಮಾಡುತ್ತಿದೆ. ಜುಹೂನಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಸ್ಪೆಷಲ್ ಎಜುಕೇಷನ್ ವಿಭಾಗವಿದೆ, ಅಲ್ಲಿ ಓದಿದ ಹುಡುಗಿಯರು ಊರೆಲ್ಲ ಇದ್ದಾರೆ. ಕಲ್ಯಾಣ್, ಡೊಂಬಿವಲಿ ಕಡೆ ಯಾರಿದ್ದಾರೆ ಎಂದು ವಿಚಾರಿಸಿ.

ವಯಸ್ಸಿನ ವಿಷಯವೂ ಒಂದಿದೆ. 2018ರ ನಿಯಮದಲ್ಲಿ ಕಲಿಕೆಯ ತೊಂದರೆಗೆ ಸರ್ಟಿಫಿಕೇಟ್ ಕೊಡುವುದು ಎಂಟು ವರ್ಷ ತುಂಬಿದ ಮೇಲೆ ಎಂದಿತ್ತು. 14ಕ್ಕೆ ಮತ್ತೆ ಮಾಡಿಸಬೇಕಿತ್ತು, 18ಕ್ಕೆ ಇನ್ನೊಮ್ಮೆ. 18ರಲ್ಲಿ ಸಿಕ್ಕಿದ್ದು ಜೀವನಪೂರ್ತಿ ನಡೆಯುತ್ತಿತ್ತು. ಈಗ ಹೇಗಿದೆ ಎಂದು ಆಸ್ಪತ್ರೆಯಲ್ಲೇ ಕೇಳಿ. ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ.

ವಾಸ್ಕೋ

ಗೋವಾದಲ್ಲಿ ನಮ್ಮ ಹತ್ತಿರ ಯಾರೂ ಸಿಗದೆ ಆನ್‌ಲೈನ್ ತೆಗೆದುಕೊಂಡೆವು, ಪುಣೆಯ ಟೀಚರ್. ನಡೆಯುತ್ತಿದೆ. ಆದರೆ ಮೊದಲ ಆರು ತಿಂಗಳು ಮಗುವಿನ ಪಕ್ಕ ದೊಡ್ಡವರು ಕೂರಲೇಬೇಕು. ಬೆರಳು ಎಲ್ಲಿದೆ ಎಂದು ಟೀಚರಿಗೆ ಕ್ಯಾಮೆರಾದಲ್ಲಿ ಕಾಣುವುದಿಲ್ಲ.

ನಿವೃತ್ತ ಮಾಷ್ಟ್ರು, ಚೆಂಬೂರು

ಮಗಳೇ, ನಾನು ಇದೇ ಮುಂಬಯಿಯಲ್ಲಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಲಿಸಿದವನು. ಇಲ್ಲಿ ಬರೆದದ್ದನ್ನೆಲ್ಲ ಎರಡು ದಿನದಿಂದ ಓದುತ್ತಿದ್ದೇನೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ತಂದೆ ಕ್ಯಾಂಟೀನ್‌ನಲ್ಲಿ ಕೆಲಸಕ್ಕಿದ್ದರು. ಲೆಕ್ಕ ಬಾಯಲ್ಲೇ ಮಾಡುತ್ತಿದ್ದ, ಚಿಲ್ಲರೆ ಎಣಿಸುವುದರಲ್ಲಿ ನನಗಿಂತ ಚುರುಕು. ಉಕ್ತಲೇಖನ ಕೊಟ್ಟರೆ ಒಂದು ಒತ್ತಕ್ಷರವೂ ಸರಿಯಿರುತ್ತಿರಲಿಲ್ಲ. 'ಅಮ್ಮ' ಎಂದು ಬರೆಯಬೇಕಾದಲ್ಲಿ 'ಅಮ' ಎಂದು ಬರೆದು ನಿಲ್ಲಿಸುತ್ತಿದ್ದ. ಬೇಕೆಂದೇ ಮಾಡುತ್ತಾನೆ ಎಂದು ತಿಳಿದೆ. ಕೋಲಿನಿಂದ ಹೊಡೆದಿದ್ದೇನೆ. ಹಿಂದಿನ ಬೆಂಚಿಗೆ ಕೂರಿಸಿದ್ದೇನೆ. ಏಳನೇ ತರಗತಿಗೆ ಶಾಲೆ ಬಿಟ್ಟ. ಆಗ ನಮಗೆ ಈ ಹೆಸರುಗಳು ಗೊತ್ತಿರಲಿಲ್ಲ ಎಂಬುದು ನಿಜ, ಆದರೆ ಲೆಕ್ಕದಲ್ಲಿ ಅಷ್ಟು ಜಾಣನಾದವನು ಬರೆಯುವುದರಲ್ಲಿ ಯಾಕೆ ಹೀಗೆ ಎಂದು ಕೇಳಿಕೊಳ್ಳಲು ಹೆಸರು ಬೇಕಾಗಿರಲಿಲ್ಲ. ನಾನು ಕೇಳಿಕೊಳ್ಳಲಿಲ್ಲ.

ನನಗೀಗ ಕಣ್ಣು ಮಂದವಾಗಿದೆ, ಆದರೆ ಸ್ವರ ಚೆನ್ನಾಗಿದೆ. ನಿಮ್ಮ ಮಗನಿಗೆ ಸಂಜೆ ಹೊತ್ತು ಫೋನಿನಲ್ಲಿ ಪಾಠವನ್ನು ಯಾರಾದರೂ ಓದಿ ಹೇಳಬೇಕಾದರೆ ನಾನಿದ್ದೇನೆ. ಕನ್ನಡದ ಕಥೆಯಾದರೂ ಸರಿ, ಇಂಗ್ಲಿಷಿನಲ್ಲಿರುವ ಇತಿಹಾಸ ಪಾಠವಾದರೂ ಸರಿ.

ಚಿಂಚವಡದ ಅವ್ವ

ಮಾಸ್ತರ, ನನ್ನ ಮಗಗೂ ಓದಿ ಹೇಳ್ರಿ.

ಡೊಂಬಿವಲಿ ಅಮ್ಮ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಟೀಚರ್ ಸಿಕ್ಕಿದರು. ಮಾಟುಂಗದ ಮೇಡಂ ಹೇಳಿದ ಹಾಗೆ ಕೇಳುತ್ತಾ ಹೋದೆ, ನಾಲ್ಕನೇ ಫೋನ್‌ಗೆ ಠಾಕುರ್ಲಿಯಲ್ಲಿ ಒಬ್ಬರಿದ್ದಾರೆ ಎಂದು ತಿಳಿಯಿತು. ಆರ್‌ಸಿಐ ನಂಬರ್ ಇದೆ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ಫೋಟೊ ಕಳಿಸಿದರು. ಮರಾಠಿಯವರು, ಕನ್ನಡ ಒಂದಕ್ಷರ ಬರುವುದಿಲ್ಲ. ತಾಸಿಗೆ 700 ರೂಪಾಯಿ, ನಮಗೆ ಸ್ವಲ್ಪ ಬಿಗಿಯೇ. ಹಳೆಯ ಟ್ಯೂಷನ್ ಪೂರ್ತಿ ಬಿಡಿಸಿದ್ದೇವೆ, ಆ ದುಡ್ಡು ಇದಕ್ಕೆ.

ಮೊದಲ ದಿನ ನಾನೂ ಕೂತಿದ್ದೆ. ಬ್ಯಾಗ್ ತೆರೆಯಲು ಹೋದ, ಬೇಡ ಎಂದರು. ಪುಸ್ತಕವೂ ಇಲ್ಲ, ಪೆನ್ಸಿಲ್ಲೂ ಇಲ್ಲ. ಬರೀ ಕಿವಿಯ ಆಟ. ಒಂದು ಪದ ಹೇಳುವುದು, ಅದರ ಮೊದಲ ಶಬ್ದ ತೆಗೆದು ಬೇರೆ ಹಾಕುವುದು. ಇಂಗ್ಲಿಷಿನಲ್ಲಿ ಎರಡು ಕೇಳಿದರು, ಇವನು ಮುದುಡಿಕೊಂಡ. ಆಗ ನನ್ನ ಕಡೆ ತಿರುಗಿ, 'ನಿಮ್ಮ ಮನೆಯ ಭಾಷೆಯಲ್ಲಿ ಹೇಳಿ, ಅವನಿಗೆ ಪ್ರೀತಿಯ ಪದ' ಎಂದರು. ನನಗೆ ಆ ಕ್ಷಣಕ್ಕೆ ಹೊಳೆದದ್ದು 'ಕಡಲು'. 'ಕ' ತೆಗೆದು 'ಮ' ಹಾಕು ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ 'ಮಡಲು' ಎಂದ. ಎಂದವನೇ ಎದ್ದು ನಿಂತು, ಮಡಲು ಅಂದರೆ ಏನು, ಅಜ್ಜಿ ಮನೆಯಲ್ಲಿ ತೆಂಗಿನ ಮರದಿಂದ ಹೇಗೆ ಬೀಳುತ್ತದೆ, ಅದನ್ನು ಎಳೆದುಕೊಂಡು ಹೋಗಿ ಗಾಡಿ ಆಟ ಹೇಗೆ ಆಡುವುದು ಎಂದು ಟೀಚರಿಗೆ ಮುರುಕು ಮರಾಠಿಯಲ್ಲಿ ಕೈ ಬೀಸಿ ಬೀಸಿ ವಿವರಿಸಿದ. ಅವರು ನೋಟ್‌ಬುಕ್ ತೆಗೆದು ಆ ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡರು. ಇಂಥ ಇಪ್ಪತ್ತು ಪದ ಪಟ್ಟಿ ಮಾಡಿ ಕೊಡಿ ಎಂದಿದ್ದಾರೆ. ಅತ್ತೆಯವರು ಊರಿನಿಂದ ಫೋನಿನಲ್ಲಿ ಹೇಳುತ್ತಿದ್ದಾರೆ, ಇವರು ಹೋಟೆಲ್‌ನಿಂದ ಬಂದು ರಾತ್ರಿ ಬರೆಯುತ್ತಿದ್ದಾರೆ, ಪಟ್ಟಿ ಈಗಾಗಲೇ ಅರವತ್ತು ದಾಟಿದೆ.

ಮಂಗಳವಾರ, ಶುಕ್ರವಾರ, ಸಂಜೆ 5:30ಕ್ಕೆ. ಇವತ್ತು ನಾಲ್ಕೂವರೆಗೆ ಹೊಟ್ಟೆನೋವು ಬರುತ್ತದಾ ಎಂದು ಕಾದಿದ್ದೆ. ರವೆ ಡಬ್ಬಿ ಎಲ್ಲಿಟ್ಟಿದ್ದೀ ಎಂದು ಕೇಳಿದ.

ಮಾಷ್ಟ್ರೇ, ನಿಮ್ಮ ಮಾತು ಮರೆತಿಲ್ಲ. ಬುಧವಾರ ಏಳು ಗಂಟೆಗೆ ಫೋನ್ ಮಾಡಿಸಲೇ?